ಸಲಾಯಿನ್ ನಳಿಕೆಯ ಕಾಳಜಿ: ರೋಗಿಯ ಜೊತೆಗಿರುವವರಿಗೆ ಒಂದು ಪಾಠ



2025ರ ಜನವರಿಯಲ್ಲಿ ನಮ್ಮ ಪುಣೆಯ ಸಿಂಹಗಡ ರಸ್ತೆಯ ಭಾಗದಲ್ಲಿ ಗಿಯಾನ್-ಬಾರೆ ಎಂಬ ನರರೋಗವು ಒಮ್ಮೆಲೇ ಕಾಣಿಸಿಕೊಂಡುದು ಎಲ್ಲರಿಗೂ ನೆನಪಿರಬಹುದು. ಪತ್ರಿಕೆಗಳು ಅದನ್ನು ಜಿ.ಬಿ.ಎಸ್. ಎಂದು ಕರೆದವು. ಸಂಶಯಿತ ರೋಗಿಗಳ ಸಂಖ್ಯೆ 200ನ್ನು ದಾಟಿತು. ಮೊದಲು ಕಾಲು, ಬಳಿಕ ಕೈ ಸೋತುಹೋದ ಈ ಜನರಲ್ಲಿ ಹಲವರಿಗೆ ಇಮ್ಯುನೊಗ್ಲೊಬ್ಯುಲಿನ್ ಎಂಬ ಬಹಳ ತುಟ್ಟಿಯ ಔಷಧವನ್ನು ಕೊಟ್ಟರು. ಈ ಔಷಧವನ್ನು ಸಾಮಾನ್ಯವಾಗಿ 5 ದಿನಗಳ ವರೆಗೆ ರಕ್ತನಾಳದ ಮೂಲಕ ಹನಿಹನಿಯಾಗಿ ಏರಿಸುವರು. ಔಷಧದ ಬೆಲೆಯ ಬಗ್ಗೆ, ಬಾವಿಯ ನೀರಿನ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಆದರೆ ಆ ಔಷಧವೆಲ್ಲ ಒಳಗೆ ಹೋದದ್ದು ಕೈಯಲ್ಲಿ ಕೂಡಿಸಿದ ಒಂದು ಅಂಗುಲದ ಪ್ಲಾಸ್ಟಿಕ್ ನಳಿಕೆಯಿಂದ. ತನ್ನ ಕೈಯನ್ನು ತಾನೇ ಎತ್ತಲಾರದ ರೋಗಿಯ ಆ ನಳಿಕೆ ಬಾತಿದೆಯೋ, ಕೆಂಪಾಗಿದೆಯೋ ಎಂದು ಇನ್ನೊಬ್ಬರೇ ನೋಡಬೇಕು. ಈ ಪಾಠ ಆ ನೋಡುವ ಕೆಲಸದ ಬಗ್ಗೆ.

ವಿಜಯಪುರ, ಕಲಬುರಗಿ, ಬಾಗಲಕೋಟೆ, ಸೊಲ್ಲಾಪುರಗಳ ಕಡೆಯಿಂದ ನಮ್ಮವರು ದೊಡ್ಡ ರೋಗಕ್ಕೆ ಪುಣೆಗೆ ಬರುತ್ತಾರೆ. 1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆ ಇದೆ, ರಾಸ್ತಾ ಪೇಠೆಯ ಕೆ.ಇ.ಎಂ. ಇದೆ, ನಮ್ಮ ಸದಾಶಿವ ಪೇಠೆಯಲ್ಲಿಯೇ ಪೂನಾ ಹಾಸ್ಪಿಟಲ್ ಇದೆ. ವಾಚನಾಲಯದಲ್ಲಿ ಮಧ್ಯಾಹ್ನ ಬಂದು ಕನ್ನಡ ಪೇಪರು ಹುಡುಕುವವರಲ್ಲಿ ಹಲವರು ಹೀಗೆ ರೋಗಿಯ ಜೊತೆಗೆ ಬಂದವರೇ. ಈ ಲೇಖಕನು ಡಾಕ್ಟರನಲ್ಲ. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ, ಬಿಡುವಿನಲ್ಲಿ ಸಂಘದ ಸ್ವಯಂಸೇವಕ. ಆದುದರಿಂದ ಡಾಕ್ಟರರ ಕೆಲಸವನ್ನು ಕಲಿಸುವ ಉದ್ದೇಶ ಇಲ್ಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತವರಿಗೆ ಯಾವುದು ಕಾಣುತ್ತದೆಯೋ, ಯಾವುದನ್ನು ಕೇಳಬಹುದೋ ಅಷ್ಟನ್ನೇ ಬರೆದಿದೆ.

ಮೊದಲು ವಸ್ತುವಿನ ಪರಿಚಯ. ಇದಕ್ಕೆ ಶಾಸ್ತ್ರದ ಹೆಸರು ಕ್ಯಾನುಲಾ. ಪುಣೆಯಲ್ಲಿ ಇಂಟ್ರಾಕ್ಯಾಥ್ ಎನ್ನುವರು, ಕೆಲವೆಡೆ ವೆನ್‌ಫ್ಲಾನ್ ಎನ್ನುವರು, ನಮ್ಮವರು ಬರೀ ‘ಸೂಜಿ’ ಎನ್ನುವರು. ಈ ಕೊನೆಯ ಹೆಸರಿನಿಂದ ಒಂದು ತಪ್ಪು ಕಲ್ಪನೆ ಹುಟ್ಟಿದೆ. ಉಕ್ಕಿನ ಸೂಜಿ ಕೈಯಲ್ಲಿ ಉಳಿಯುವುದೇ ಇಲ್ಲ. ಸೂಜಿಯ ಮೇಲೆ ಮೃದುವಾದ ನಳಿಕೆಯನ್ನು ಒರೆಯ ಹಾಗೆ ತೊಡಿಸಿರುತ್ತಾರೆ. ಸೂಜಿ ರಕ್ತನಾಳವನ್ನು ಹೊಕ್ಕ ಕೂಡಲೇ ನಳಿಕೆಯನ್ನು ಮುಂದೆ ಸರಿಸಿ ಸೂಜಿಯನ್ನು ಹಿಂದಕ್ಕೆ ಎಳೆದು ಬಿಸಾಡುತ್ತಾರೆ. ಒಳಗೆ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಅಮೆರಿಕೆಯ ಮೇಯೊ ಕ್ಲಿನಿಕ್ಕಿನಲ್ಲಿ ಮಾಸಾ ಎಂಬವನು 1950ರ ಹೊತ್ತಿಗೆ ಇಂಥ ನಳಿಕೆಯನ್ನು ಬಳಕೆಗೆ ತಂದನು. ಅದಕ್ಕೆ ಮುಂಚೆ ಉಕ್ಕಿನ ಸೂಜಿಯೇ ಒಳಗಿರುತ್ತಿದ್ದುದರಿಂದ ಕೈಯನ್ನು ಹಲಗೆಗೆ ಬಿಗಿದು ಕಟ್ಟುತ್ತಿದ್ದರು. ಈಗ ಆ ಭಯ ಬೇಡ. ನಳಿಕೆಯಿದ್ದ ಕೈಯ ಬೆರಳುಗಳನ್ನು ಆಡಿಸಬಹುದು. ಸೂಜಿ ಚುಚ್ಚೀತೆಂದು ಎರಡು ದಿನ ಕೈಯನ್ನು ಕಟ್ಟಿಗೆಯಂತೆ ಇಟ್ಟುಕೊಂಡು ಭುಜ ಹಿಡಿಸಿಕೊಳ್ಳುವುದು ಅನಾವಶ್ಯಕ.

ನಳಿಕೆಯ ಟೊಪ್ಪಿಗೆಯ ಬಣ್ಣವನ್ನು ನೋಡಿರಿ. ಹಳದಿ ಎಂದರೆ 24 ನಂಬರು, ನೀಲಿ 22, ಗುಲಾಬಿ 20, ಹಸಿರು 18, ಬೂದಿ ಬಣ್ಣ 16. ಗಿರಣಿಯಲ್ಲಿ ನೂಲಿನ ಕೌಂಟು ಏರಿದಂತೆ ಎಳೆ ತೆಳ್ಳಗಾಗುವಂತೆ ಇಲ್ಲಿಯೂ ನಂಬರು ದೊಡ್ಡದಾದಷ್ಟು ನಳಿಕೆ ಸಣ್ಣದು. 22ರ ಹೊರಗಿನ ಅಗಲ ಸುಮಾರು 0.9 ಮಿಲಿಮೀಟರು, 18ರದು 1.3. ಅಪಘಾತ, ಹೆರಿಗೆಯ ರಕ್ತಸ್ರಾವ, ದೊಡ್ಡ ಶಸ್ತ್ರಕ್ರಿಯೆ ಇವುಗಳಲ್ಲಿ ಬೇಗ ಬೇಗ ರಕ್ತ ಕೊಡಬೇಕಾಗುವುದರಿಂದ ದಪ್ಪ ನಳಿಕೆ ಬೇಕು. ದಿನಕ್ಕೆರಡು ಇಂಜೆಕ್ಷನ್ನು ಕೊಡುವುದಕ್ಕೆ ನೀಲಿಯೇ ಸಾಕಾಗುವುದುಂಟು. ಕೆಲಸ ಸಾಗುವಷ್ಟರಲ್ಲಿ ಅತಿ ಸಣ್ಣದನ್ನು ಆರಿಸಬೇಕೆಂಬುದು ನಿಯಮ. ಏಕೆಂದರೆ ನಾಳದೊಳಗೆ ನಳಿಕೆಯ ಸುತ್ತ ರಕ್ತ ಹರಿಯಲು ಜಾಗವಿರಬೇಕು. ನಾಳವನ್ನು ಪೂರ್ತಿ ತುಂಬುವ ನಳಿಕೆ ಅದರ ಗೋಡೆಯನ್ನು ತಿಕ್ಕುತ್ತದೆ, ಔಷಧವೂ ರಕ್ತದಲ್ಲಿ ಬೆರೆತು ತಿಳಿಯಾಗದೆ ಗೋಡೆಯನ್ನು ಸುಡುತ್ತದೆ.

ಇದರಿಂದ ಆಗುವ ತೊಂದರೆಗಳು ಮುಖ್ಯವಾಗಿ ನಾಲ್ಕು.

ಒಂದನೆಯದು ನಾಳದ ಉರಿಯೂತ. ನಳಿಕೆಯ ಬಾಯಿಯಲ್ಲಿ ನೋವು, ಕೆಂಪು, ಬಿಸಿ. ಮುಂದುವರಿದರೆ ಮೊಣಕೈಯ ಕಡೆಗೆ ಕೆಂಪು ಗೆರೆ ಏರುತ್ತದೆ, ಬೆರಳಿನಿಂದ ಮುಟ್ಟಿದರೆ ನಾಳವು ಹುರಿಹಗ್ಗದಂತೆ ಗಟ್ಟಿಯಾಗಿ ಸಿಗುತ್ತದೆ. ಎರಡನೆಯದು ಸೋರಿಕೆ. ನಳಿಕೆ ನಾಳದಿಂದ ಜಾರಿ ಔಷಧವು ಸುತ್ತಲಿನ ಮಾಂಸದಲ್ಲಿ ಇಳಿಯುತ್ತದೆ. ಕೈ ಬಾತು ತಣ್ಣಗಾಗುತ್ತದೆ, ಚರ್ಮ ಬಿಗಿಯುತ್ತದೆ, ಹನಿ ನಿಧಾನವಾಗುತ್ತದೆ. ಬರೀ ಉಪ್ಪುನೀರು ಸೋರಿದ್ದರೆ ಬಾವು ತಾನಾಗಿ ಇಳಿದೀತು. ಆದರೆ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕ್ಯಾನ್ಸರಿನ ಕೆಲವು ಔಷಧಗಳು ಸೋರಿದರೆ ಮಾಂಸವೇ ಸತ್ತು ಹುಣ್ಣಾಗುವುದುಂಟು. ಚರ್ಮ ಕಸಿ ಮಾಡಬೇಕಾದ ಸಂದರ್ಭಗಳೂ ಇವೆ. ಇಂಥಲ್ಲಿ ಅರ್ಧ ತಾಸಿನ ವಿಳಂಬವೂ ದೊಡ್ಡದು.

ಮೂರನೆಯದಾದ ಕಟ್ಟಿಕೊಳ್ಳುವಿಕೆ, ಅಂದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು, ಪ್ರಾಣಕ್ಕೆ ಅಪಾಯವಲ್ಲ. ಮತ್ತೊಮ್ಮೆ ಚುಚ್ಚಿಸಿಕೊಳ್ಳುವ ಸಂಕಟ ಅಷ್ಟೆ. ನಾಲ್ಕನೆಯದು ಎಲ್ಲಕ್ಕಿಂತ ಅಪರೂಪ, ಎಲ್ಲಕ್ಕಿಂತ ಭಯಂಕರ. ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಜಂತುಗಳು, ಅದರಲ್ಲಿಯೂ ಸ್ಟ್ಯಾಫಿಲೊಕಾಕಸ್ ಎಂಬುದು, ನಳಿಕೆಯ ಹೊರಮೈಯನ್ನು ಹಿಡಿದು, ಇಲ್ಲವೆ ಅದರ ಬಾಯಿಯ ಮೂಲಕ, ನೇರ ರಕ್ತಕ್ಕೆ ಇಳಿಯುತ್ತವೆ. ಆಗ ಚಳಿ ನಡುಕದೊಂದಿಗೆ ಜ್ವರ ಬರುತ್ತದೆ. ಜಂತು ಹೃದಯದ ಕವಾಟದಲ್ಲಿ ಅಥವಾ ಬೆನ್ನೆಲುಬಿನಲ್ಲಿ ನೆಲೆ ಮಾಡಿದರೆ ವಾರಗಟ್ಟಲೆ ಚಿಕಿತ್ಸೆ ಬೇಕು. ಪ್ರಾಣ ಹೋಗುವುದೂ ಉಂಟು. ನ್ಯುಮೋನಿಯಾಕ್ಕೆಂದು ಬಂದವನು ಕೈಯ ನಳಿಕೆಯಿಂದ ಸಾಯುವುದೆಂದರೆ ಏನು ನ್ಯಾಯ?

ಕಳೆದ ವರ್ಷ ಇಂಡಿ ತಾಲೂಕಿನ ಕಡೆಯ ಒಬ್ಬ ಅಜ್ಜಿಯನ್ನು ನೋಡಲು ಒಂದು ಆಸ್ಪತ್ರೆಗೆ ಹೋಗಿದ್ದೆನು. ಆಸ್ಪತ್ರೆಯ ಹೆಸರು ಬೇಡ. ಮಗ ಊಟ ತರಲು ಹೊರಗೆ ಹೋಗಿದ್ದ. ಅಜ್ಜಿ ನನ್ನನ್ನು ಕಂಡು, “ಯಪ್ಪಾ, ನಿನ್ನೆ ರಾತ್ರಿಯಿಂದ ಕೈ ಉರೀತದ, ಉರೀತದ ಅಂತ ಈ ಹುಡುಗಿಗಿ ಹೇಳೇ ಹೇಳಾಕತ್ತೀನಿ, ಅಕಿ ಬಾಟ್ಲಿ ನೋಡಿ ಹೂಂ ಅಂದು ಹೊಕ್ಕಾಳ” ಎಂದಳು. ಸಿಸ್ಟರಳನ್ನು ವಿಚಾರಿಸಿದಾಗ ವಿಷಯ ತಿಳಿಯಿತು. ಮರಾಠಿಯಲ್ಲಿ ‘ಉರತಂಯ’ ಎಂದರೆ ‘ಉಳಿದಿದೆ’ ಎಂದು ಅರ್ಥ. ಅಜ್ಜಿ ಬಾಟಲಿಯಲ್ಲಿ ಸಲಾಯಿನ್ ಇನ್ನೂ ಉಳಿದಿದೆ ಎನ್ನುತ್ತಿದ್ದಾಳೆಂದು ಆ ಹುಡುಗಿ ತಿಳಿದಿದ್ದಳು. ಪ್ರತಿ ಸಲ ಬಾಟಲಿ ನೋಡಿ, ನಿಜವಾಗಿಯೂ ಉಳಿದಿರುವುದನ್ನು ಕಂಡು, ಸಮಾಧಾನ ಹೇಳಿ ಹೋಗುತ್ತಿದ್ದಳು! ಮೇಲಿನ ಬ್ಯಾಂಡೇಜು ಬಿಚ್ಚಿದಾಗ ಮುಂಗೈಯಿಂದ ನಾಲ್ಕು ಬೆರಳು ಅಗಲ ಕೆಂಪಾಗಿ ಊದಿತ್ತು. ಕೂಡಲೇ ನಳಿಕೆ ತೆಗೆದು ಇನ್ನೊಂದು ಕೈಗೆ ಹಾಕಿದಳು. ಸಿಸ್ಟರಳ ಅಲಕ್ಷ್ಯವೆಂದು ನಾನು ಹೇಳಲಾರೆ. ಒಂದು ಪಾಳಿಯಲ್ಲಿ ಅವಳ ಪಾಲಿಗೆ ಹಾಸಿಗೆಗಳು ಬಹಳ ಇದ್ದವು.

ಆದುದರಿಂದ ಈ ಕೆಲವು ಮರಾಠಿ ಮಾತುಗಳನ್ನು ಬರೆದು ರೋಗಿಯ ದಿಂಬಿನ ಕೆಳಗೆ ಇಡಿರಿ. ಉರಿಯುತ್ತದೆ ಎನ್ನಲು ‘ಜಳಜಳ ಹೋತೆ’. ನೋಯುತ್ತದೆ ಎನ್ನಲು ‘ದುಖತಂಯ’. ಬಾತಿದೆ ಎನ್ನಲು ‘ಸೂಜ್ ಆಲಿ ಆಹೆ’. ಚಳಿ ಬಂದು ಜ್ವರ ಬಂದಿದೆ ಎನ್ನಲು ‘ಥಂಡಿ ವಾಜೂನ್ ತಾಪ್ ಆಲಾ’. ಎಲ್ಲಕ್ಕಿಂತ ಉಪಯುಕ್ತವಾದ ಪ್ರಶ್ನೆ: ‘ಹೀ ಸುಯಿ ಅಜೂನ್ ಲಾಗತೆ ಕಾ?’ ಅಂದರೆ, ಈ ಸೂಜಿ ಇನ್ನೂ ಬೇಕೇ? ವಾರ್ಡಿನಲ್ಲಿ ಕೇರಳದ ಸಿಸ್ಟರು ಇದ್ದರೆ ಮಾತಿಗಿಂತ ಬೆರಳು ತೋರಿಸುವುದೇ ಮೇಲು. ಬಾಟಲಿಯ ಕಡೆಗಲ್ಲ, ಕೈಯ ಕಡೆಗೆ ತೋರಿಸಿರಿ.

ಬೇಕೇ ಎಂಬ ಪ್ರಶ್ನೆಯನ್ನು ನಳಿಕೆ ಹಾಕುವ ಮೊದಲೇ ಕೇಳಬೇಕು, ಮತ್ತು ಇಲ್ಲಿ ತಪ್ಪು ಬಹಳ ಸಲ ನಮ್ಮದೇ. “ಡಾಕ್ಟರ್ ಸಾಹೇಬರ, ಭಾಳ ಅಶಕ್ತಿ ಆಗೇದ, ಒಂದು ಸಲಾಯಿನ್ ಹಚ್ಚಿಬಿಡ್ರಿ” ಎಂದು ಬೇಡುವವರು ನಾವು. ಅರ್ಧ ಲೀಟರಿನ ಸಾದಾ ಸಲಾಯಿನ್ನಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ನೂರಕ್ಕೆ 5ರ ಗ್ಲೂಕೋಸ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ; ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯ ಒಳಗೆ. ಒಂದು ಜೋಳದ ರೊಟ್ಟಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ಬಾಯಿಯಿಂದ ಕುಡಿಯಬಲ್ಲವನಿಗೆ ಕೈಯಲ್ಲಿ ರಂಧ್ರವೇಕೆ? 1971ರಲ್ಲಿ ಬಂಗಾಳದ ನಿರಾಶ್ರಿತರು ಬನಗಾಂವದ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಸಲಾಯಿನ್ ದಾಸ್ತಾನು ಮುಗಿಯುತ್ತ ಬಂದಿತು. ಡಾಕ್ಟರ್ ದಿಲೀಪ ಮಹಲನಬಿಸರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ರ ಒಳಗೆ ಇಳಿಯಿತು. ಕಾಲರಾಕ್ಕೇ ಅದು ಸಾಕಾಗಿರುವಾಗ ಪ್ರಯಾಣದ ದಣಿವಿಗೆ ಬಾಟಲಿ ಬೇಕಿಲ್ಲ. ಹಾಗೆಂದು ಪ್ರಜ್ಞೆಯಿಲ್ಲದವನಿಗೆ, ವಾಂತಿ ನಿಲ್ಲದವನಿಗೆ, ರಕ್ತ ಸೋರಿದವನಿಗೆ ಡಾಕ್ಟರರು ಹಚ್ಚುವಾಗ ತಡೆಯಬಾರದು.

ಹಾಕುವ ಹೊತ್ತಿನಲ್ಲಿ ನೋಡತಕ್ಕದ್ದು ಮೂರು ವಿಷಯ. ಹಾಕುವವರು ಕೈ ತೊಳೆದುಕೊಂಡರೇ, ಇಲ್ಲವೆ ಸ್ಪಿರಿಟ್ಟಿನ ದ್ರವ ತಿಕ್ಕಿಕೊಂಡರೇ? ಹಿಂದಿನ ರೋಗಿಯ ಬಳಿ ತೊಟ್ಟ ಕೈಚೀಲದಲ್ಲಿಯೇ ಬಂದರೆ ಅದು ತೊಳೆದಂತಲ್ಲ. ಚರ್ಮಕ್ಕೆ ಹಚ್ಚಿದ ಕ್ಲೋರ್‌ಹೆಕ್ಸಿಡಿನ್ ಅಥವಾ ಸ್ಪಿರಿಟ್ಟು ತಾನಾಗಿ ಒಣಗಿತೇ? ಊದಿ ಒಣಗಿಸಬಾರದು, ಒಣಗಿದ ಮೇಲೆ ನಾಳ ಎಲ್ಲಿದೆಯೆಂದು ಮತ್ತೆ ಬೆರಳಿನಿಂದ ಒತ್ತಿ ನೋಡಬಾರದು, ಒತ್ತಿದರೆ ಮತ್ತೆ ಒರೆಸಬೇಕು. ಈ ಒಣಗುವ ಅರ್ಧ ನಿಮಿಷವೇ ಜಂತು ಸಾಯುವ ಸಮಯ. ಮೂರನೆಯದು ಜಾಗ. ಮುಂಗೈಯ ಮೇಲಿನ ಭಾಗ, ಅಂದರೆ ಮಣಿಕಟ್ಟಿಗೂ ಮೊಣಕೈಗೂ ನಡುವೆ, ಒಳ್ಳೆಯದು. ಮಡಿಚುವ ಸಂದಿನಲ್ಲಿ ಹಾಕಿದರೆ ಕೈ ಮಡಿಚಿದಾಗಲೆಲ್ಲ ನಳಿಕೆ ಬಾಗಿ ನಾಳವನ್ನು ಕೆರೆಯುತ್ತದೆ. ದೊಡ್ಡವರಿಗೆ ಕಾಲಿನಲ್ಲಿ ಹಾಕುವುದನ್ನು ಆದಷ್ಟು ತಪ್ಪಿಸುತ್ತಾರೆ. ರೋಗಿಗೆ ಡಯಾಲಿಸಿಸ್ಸಿಗಾಗಿ ಒಂದು ಕೈಯಲ್ಲಿ ನಾಳ ಜೋಡಿಸಿದ್ದರೆ, ಅಥವಾ ಸ್ತನದ ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ಗಂಟು ತೆಗೆದಿದ್ದರೆ, ಲಕ್ವ ಹೊಡೆದಿದ್ದರೆ, ಆ ಕೈಯನ್ನು ಬಿಡಬೇಕೆಂದು ನೀವೇ ಮುಂದಾಗಿ ಹೇಳಬೇಕು. ಹೊಸ ವಾರ್ಡಿನವರಿಗೆ ಅದು ಗೊತ್ತಿರಲಾರದು. ಇದನ್ನೆಲ್ಲ ಹೇಳುವುದು ಹೇಗೆ ಎಂದು ಸಂಕೋಚಪಡುವವರುಂಟು. ‘ಸಿಸ್ಟರ್’ ಎಂದು ಮರ್ಯಾದೆಯಿಂದ ಕರೆದು ಮೆಲ್ಲಗೆ ಕೇಳಿದರೆ ಸಿಟ್ಟಾಗುವವರನ್ನು ನಾನು ಕಡಿಮೆ ಕಂಡಿದ್ದೇನೆ.

ಹಾಕಿಯಾದ ಮೇಲೆ ಪಟ್ಟಿಯ ಮೇಲೆ ತಾರೀಖು ಮತ್ತು ವೇಳೆ ಬರೆಯಬೇಕು. ಬರೆಯದಿದ್ದರೆ ಬರೆಯಿಸಿರಿ. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಪುಸ್ತಕದಲ್ಲಿ ಬರೆಯದೆ ಬಿಟ್ಟ ದೋಷಕ್ಕೆ ಯಾರೂ ವಾರಸುದಾರರಿಲ್ಲ, ಆಸ್ಪತ್ರೆಯಲ್ಲಿಯೂ ಹಾಗೆಯೇ. ಅಪಘಾತದ ಗಡಿಬಿಡಿಯಲ್ಲಿ, ಆಂಬುಲೆನ್ಸಿನಲ್ಲಿ ಹಾಕಿದ ನಳಿಕೆಯಾಗಿದ್ದರೆ ಅದನ್ನೂ ತಿಳಿಸಿರಿ. ಅಂಥದನ್ನು ಒಂದೆರಡು ದಿನದೊಳಗೆ ಬದಲಿಸುವರು. ಪಟ್ಟಿ ಪಾರದರ್ಶಕವಾಗಿದ್ದರೆ ಬಹಳ ಉತ್ತಮ, ಒಳಗಿನ ಚರ್ಮ ಕಾಣುತ್ತದೆ. ಅಜ್ಜಿಯ ಕೈಗೆ ಸುತ್ತಿದ ದಪ್ಪ ಬ್ಯಾಂಡೇಜು ನೋಡಲು ಅಚ್ಚುಕಟ್ಟಾಗಿತ್ತು. ಒಳಗಿನದನ್ನು ಅದೇ ಮುಚ್ಚಿತ್ತು.

ಇನ್ನು ಎಷ್ಟು ದಿನ ಇಡಬಹುದು? ಮೂರು ದಿನಕ್ಕೊಮ್ಮೆ ಬದಲಿಸತಕ್ಕದ್ದೆಂದು ಹಿಂದಿನ ರೂಢಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 3283 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ವೇಳಾಪಟ್ಟಿಯಂತೆ ಬದಲಿಸಿ, ಇನ್ನೊಂದಕ್ಕೆ ತೊಂದರೆ ಕಂಡಾಗ ಮಾತ್ರ ಬದಲಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡರಲ್ಲಿಯೂ ಉರಿಯೂತ ಕಂಡದ್ದು ನೂರಕ್ಕೆ 7 ಮಂದಿಯಲ್ಲಿ. ಹಾಗಾದರೆ ಸುಮ್ಮನೆ ಚುಚ್ಚುವುದೇಕೆ ಎಂದು ಅನೇಕ ಆಸ್ಪತ್ರೆಗಳು ವೇಳಾಪಟ್ಟಿ ಕೈಬಿಟ್ಟವು. ಆದರೆ ಜಿನೀವಾದ ದೊಡ್ಡ ಆಸ್ಪತ್ರೆಯಲ್ಲಿ ಹೀಗೆ ಕೈಬಿಟ್ಟ ಬಳಿಕ ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲುವುದು ಹೆಚ್ಚಾಯಿತೆಂದೂ, ವೇಳಾಪಟ್ಟಿಗೆ ಮರಳಿದ ಮೇಲೆ ಕಡಿಮೆಯಾಯಿತೆಂದೂ 2021ರಲ್ಲಿ ವರದಿಯಾಯಿತು; ಅಲ್ಲಿ ಲೆಕ್ಕ ಹಿಡಿದ ನಳಿಕೆಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಪಂಡಿತರ ವಾದ ಇನ್ನೂ ನಡೆದಿದೆ. ನನಗೆ ತೋರುವುದಿಷ್ಟು: ಪ್ರಯೋಗದಲ್ಲಿ ದಿನವೂ ನೋಡುವವರಿರುತ್ತಾರೆ, ವಾರ್ಡಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ. ತೊಂದರೆ ಕಂಡಾಗ ತೆಗೆಯುವುದೆಂದರೆ ಕಾಣುವ ಕಣ್ಣು ಬೇಕು.

ಆ ಕಣ್ಣಿಗೆ ಸಹಾಯವಾಗುವ ಒಂದು ಅಳತೆಗೋಲನ್ನು ಇಂಗ್ಲೆಂಡಿನ ರಾದರಹ್ಯಾಮಿನ ಆಂಡ್ರ್ಯೂ ಜಾಕ್ಸನ್ ಎಂಬ ಶುಶ್ರೂಷಕನು 1990ರ ದಶಕದಲ್ಲಿ ಪ್ರಚಾರಕ್ಕೆ ತಂದನು. ಅದು ಸೊನ್ನೆಯಿಂದ 5ರ ವರೆಗೆ. ಏನೂ ಇಲ್ಲದಿದ್ದರೆ ಸೊನ್ನೆ. ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು ಇದ್ದರೆ ಒಂದು. ಮೈಮೇಲೆ ನಿಗಾ ಇಟ್ಟು ನೋಡಬೇಕು. ನೋವು, ಕೆಂಪು, ಬಾವು ಇವುಗಳಲ್ಲಿ ಎರಡು ಕೂಡಿದರೆ ಎರಡು. ಆಗ ನಳಿಕೆ ತೆಗೆದು ಬೇರೆ ಕಡೆ ಹಾಕಬೇಕು. ನಾಳದುದ್ದಕ್ಕೂ ನೋವು, ಗಟ್ಟಿತನ, ಹಗ್ಗದಂಥ ನಾಳ, ಜ್ವರ ಎಂದು ಮುಂದೆ ಏರುತ್ತದೆ. ಎರಡಕ್ಕೇ ತೆಗೆದರೆ ಮುಂದಿನ ಮೂರು ಮೆಟ್ಟಿಲು ಸಾಮಾನ್ಯವಾಗಿ ನೋಡಬೇಕಾಗಿಯೇ ಬರುವುದಿಲ್ಲ. ಪ್ರತಿ ಪಾಳಿಗೊಮ್ಮೆ ಸಿಸ್ಟರು ನೋಡಬೇಕೆಂಬುದು ನಿಯಮ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಆರಿಸುವ ಮೊದಲು ನೀವೂ ನೋಡಿರಿ. ಚಿಕ್ಕ ಮಗು, ಮಾತಾಡಲಾರದವರು, ಕೈಕಾಲು ಸೋತವರು ಇವರ ವಿಷಯದಲ್ಲಿ ಇನ್ನೂ ಹೆಚ್ಚು ಸಲ.

ಬಹಳ ಸಲ ಬಾಟಲಿ ಮುಗಿದು, ಇಂಜೆಕ್ಷನ್ನು ಗುಳಿಗೆಗೆ ಬದಲಾಗಿ, ನಳಿಕೆ ಮಾತ್ರ ‘ಇರಲಿ, ಬೇಕಾದೀತು’ ಎಂದು ಕೈಯಲ್ಲಿ ಉಳಿಯುತ್ತದೆ. ಈ ನಿರುದ್ಯೋಗಿ ನಳಿಕೆಯಿಂದ ಲಾಭ ಏನೂ ಇಲ್ಲ, ಅಪಾಯ ಪೂರ್ತಿ ಇದೆ. ಒಂದು ಹಗಲು ರಾತ್ರಿ ಅದರಿಂದ ಏನೂ ಕೊಡದಿದ್ದರೆ ಮೇಲಿನ ಮರಾಠಿ ಪ್ರಶ್ನೆಯನ್ನು ಕೇಳಿರಿ. ಕೆಲವು ರೋಗಗಳಲ್ಲಿ ಡಾಕ್ಟರರು ಬೇಕೆಂದೇ ಇಟ್ಟಿರುತ್ತಾರೆ. ಹಾಗಿದ್ದರೆ ಕಾರಣ ಹೇಳುವರು.

ಜೊತೆಗಿರುವವರು ಮಾಡಬಾರದ ಕೆಲಸಗಳೂ ಇವೆ. ಹನಿಯ ಗಾಲಿಯನ್ನು ತಿರುಗಿಸಬಾರದು. ಅರ್ಧ ಲೀಟರನ್ನು 8 ತಾಸಿನಲ್ಲಿ ಕೊಡಬೇಕೆಂದರೆ, ಒಂದು ಮಿಲಿಲೀಟರಿಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 21 ಹನಿ ಬೀಳಬೇಕು. ಬೇಗ ಮುಗಿಯಲೆಂದು ಗಾಲಿ ಸಡಿಲಿಸಿದರೆ ಹೃದಯ, ಮೂತ್ರಪಿಂಡ ಕೆಟ್ಟವರಿಗೆ ಉಸಿರೇ ಕಟ್ಟೀತು. ಬಾಟಲಿ ಮುಗಿಯುತ್ತ ಬಂದಾಗ ಕರೆಯಿರಿ; ಬರಿದಾಗಿ ನಿಂತರೆ ರಕ್ತ ಹಿಂದಕ್ಕೆ ಏರಿ ನಳಿಕೆಯಲ್ಲಿ ಹೆಪ್ಪುಗಟ್ಟುತ್ತದೆ. ಸಾಸಿವೆಯಷ್ಟು ಗಾಳಿಗುಳ್ಳೆಗೆ ಹೆದರಬೇಕಾಗಿಲ್ಲ. ನಳಿಕೆಯ ಮುಚ್ಚಳವನ್ನು ತೆಗೆದು ಹಾಸಿಗೆಯ ಮೇಲೆ ಇಟ್ಟು ಮತ್ತೆ ಹಾಕಬಾರದು. ಇಂಜೆಕ್ಷನ್ನು ಕೊಡುವ ಮೊದಲು ಆ ಬಾಯಿಯನ್ನು ಸ್ಪಿರಿಟ್ಟಿನಿಂದ ಚೆನ್ನಾಗಿ ತಿಕ್ಕಬೇಕೆಂಬುದು ಸಿಸ್ಟರ ಪಾಠದಲ್ಲಿಯೇ ಇದೆ. ಬಾತ ಕೈಗೆ ಸುಣ್ಣ, ಅರಿಷಿಣ, ಬಿಸಿ ಇಟ್ಟಿಗೆ ಯಾವುದೂ ಬೇಡ. ಸೋರಿದ ಔಷಧ ಯಾವುದೆಂಬುದರ ಮೇಲೆ ಬಿಸಿಯೋ ತಂಪೋ ಎಂದು ನಿರ್ಣಯವಾಗುತ್ತದೆ. ಸ್ನಾನದ ಹೊತ್ತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಪಟ್ಟಿ ತೋಯದಂತೆ ನೋಡಿರಿ.

ಬಾಟಲಿಯ ದೋಷ ಬೇರೆ ವಿಷಯವಾದರೂ ಒಂದು ಮಾತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಸಂಶಯವು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಂದು, ರಾಜ್ಯ ಸರಕಾರ ಒಂದು ಕಂಪನಿಯ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಅಂಥ ದೋಷವನ್ನು ಬರಿಗಣ್ಣಿನಿಂದ ನಾವು ಹಿಡಿಯಲಾರೆವು. ಆದರೂ ಹೊರಗಿನ ಅಂಗಡಿಯಿಂದ ಬಾಟಲಿ ತರುವವರು ನೀವಾಗಿದ್ದರೆ ಅವಧಿಯ ತಾರೀಖು ನೋಡಿರಿ. ನೀರು ಮಬ್ಬಾಗಿದ್ದರೆ, ಎಳೆ ತೇಲಿದರೆ, ಬಾಟಲಿ ಜಿನುಗಿದರೆ ಹಿಂದಿರುಗಿಸಿರಿ, ರಸೀದಿಯನ್ನು ಕಾದಿಡಿರಿ.

ಮನೆಗೆ ಕಳಿಸುವ ದಿನ ಬಿಲ್ಲು, ಔಷಧ, ರೈಲಿನ ವೇಳೆ ಇವುಗಳ ಗದ್ದಲದಲ್ಲಿ ಮೇಲಂಗಿಯ ತೋಳಿನ ಕೆಳಗೆ ನಳಿಕೆ ಹಾಗೆಯೇ ಉಳಿದುಹೋಗುವುದುಂಟು. ಎರಡೂ ಕೈ ನೋಡಿಯೇ ಹೊರಡಿರಿ. ತೆಗೆದಾಗ ನಳಿಕೆಯ ತುದಿ ಪೂರ್ತಿ ಬಂದಿದೆಯೆಂದು ಸಿಸ್ಟರು ನೋಡುವರು. ಆ ಮೇಲೆ ಒಣ ಹತ್ತಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು, ರಕ್ತ ತಿಳಿಮಾಡುವ ಗುಳಿಗೆ ನುಂಗುವವರು ಇನ್ನಷ್ಟು ಹೊತ್ತು. ತಿಕ್ಕಬಾರದು. ಉರಿಯೂತವು ನಳಿಕೆ ತೆಗೆದ ಎರಡು ದಿನದೊಳಗೂ ಹೊಸದಾಗಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ನಮ್ಮವರು ಸೊಲ್ಲಾಪುರ ದಾಟಿ ಊರು ಸೇರಿರುತ್ತಾರೆ. ಆಗ ಕೆಂಪು ಹರಡಿದರೆ, ಕೀವು ಕಂಡರೆ, ಚಳಿಜ್ವರ ಬಂದರೆ ಅದನ್ನು ಪ್ರಯಾಣದ ಜ್ವರವೆಂದು ತಿಳಿಯದೆ ಅದೇ ದಿನ ಊರಿನ ಸರಕಾರಿ ದವಾಖಾನೆಗೆ ಹೋಗಿ, ಪುಣೆಯಲ್ಲಿ ಕೊಟ್ಟ ಡಿಸ್ಚಾರ್ಜ್ ಕಾಗದವನ್ನೂ ನಳಿಕೆಯಿದ್ದ ಜಾಗವನ್ನೂ ಡಾಕ್ಟರರಿಗೆ ತೋರಿಸಿ, ಎಷ್ಟು ದಿನ ಇತ್ತೆಂಬುದನ್ನು ಹೇಳಿರಿ.